ಕರಿಹಲಗೆ ಮುಂದೆ, ಕಲೆಕ್ಟರೇಟ್ ಮುಂದೆ
ಗಡಿನಾಡ ಕನ್ನಡ ಅಧ್ಯಾಪಕನೊಬ್ಬನ ನೆನಪು, ತಪ್ಪು, ಲೆಕ್ಕ

ಕಾಸರಗೋಡು: ನವೆಂಬರ್ 1 ಬಂತೆಂದರೆ ನಮ್ಮೂರಿನ ಕನ್ನಡ ಮಾಸ್ಟ್ರುಗಳಿಗೆ ಒಂಥರಾ ಇಕ್ಕಟ್ಟು. ಶಾಲೆಯಲ್ಲಿ ಅಂದು ಕೇರಳಪ್ಪಿರವಿ. ಅಂಗಳದಲ್ಲಿ ಹೂವಿನಿಂದ ಬಿಡಿಸಿದ ಕೇರಳದ ನಕಾಶೆ, ಸೆಟ್ಟುಸೀರೆ ಉಟ್ಟ ಟೀಚರುಗಳು, ಅಸೆಂಬ್ಲಿಯಲ್ಲಿ ಮಲಯಾಳ ಹಾಡು. ಸಂಜೆ ಪೇಟೆಯಲ್ಲಿ ಕನ್ನಡಿಗರ ರಾಜ್ಯೋತ್ಸವ, ಇಲ್ಲವೇ ಪ್ರತಿಭಟನೆ. ಬೆಳಗ್ಗೆ ಅಲ್ಲಿ ನಿಂತವರೇ ಸಂಜೆ ಇಲ್ಲಿಗೂ ಬರಬೇಕು.

ಎರಡೂ ರಾಜ್ಯಗಳ ಹುಟ್ಟಿದ ದಿನ ಒಂದೇ: 1956ರ ನವೆಂಬರ್ 1. ಅಲ್ಲಿಯವರೆಗೆ ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯೊಳಗಿದ್ದ ಕಾಸರಗೋಡು ತಾಲೂಕು ಅಂದು ಕೇರಳಕ್ಕೆ ಹೋಯಿತು. ಮಂಗಳೂರು, ಪುತ್ತೂರು ಕಡೆಯವರು ಮೈಸೂರು ರಾಜ್ಯಕ್ಕೆ ಸೇರಿದರು. ಅಣ್ಣನ ಮನೆ ಅತ್ತ, ತಂಗಿಯ ಮನೆ ಇತ್ತ.

ನಾನು ಇಲ್ಲಿನ ಒಂದು ಅನುದಾನಿತ ಶಾಲೆಯಲ್ಲಿ 28 ವರ್ಷ ಕನ್ನಡ ಕಲಿಸಿ ನಿವೃತ್ತನಾದವ. ಧರಣಿ, ಮೆರವಣಿಗೆಗಳಲ್ಲೂ ಇದ್ದವ. "ಮಾಸ್ಟ್ರೇ, ನೀವು ಪಾಠ ಮಾಡುದಾ, ರಾಜಕೀಯ ಮಾಡುದಾ?" ಎಂದು ಹೆತ್ತವರೂ ಕೇಳಿದ್ದಾರೆ, ಸಹೋದ್ಯೋಗಿಗಳೂ ಕೇಳಿದ್ದಾರೆ. ಆಗೆಲ್ಲ ಏನೋ ಒಂದು ಹೇಳಿ ಜಾರಿಕೊಳ್ಳುತ್ತಿದ್ದೆ. ಈಗ ಪುರುಸೊತ್ತು ಉಂಟು. ಒಮ್ಮೆ ಸರಿಯಾಗಿ ಲೆಕ್ಕ ಹಾಕಿ ನೋಡುವ ಎಂದು ಕೂತಿದ್ದೇನೆ.

ಕಯ್ಯಾರರು ತೋರಿದ ದಾರಿ

ಪಾಠ, ಸಾಹಿತ್ಯ, ಹೋರಾಟ ಮೂರೂ ಒಬ್ಬನಿಂದ ಆಗುತ್ತದೋ ಎಂದು ಕೇಳುವವರಿಗೆ ಗಡಿನಾಡಿನಲ್ಲಿ ಸಿದ್ಧ ಉತ್ತರವೊಂದು ಉಂಟು: ಕಯ್ಯಾರ ಕಿಞ್ಞಣ್ಣ ರೈ. 1915ರ ಜೂನ್ 8ರಂದು ಹುಟ್ಟಿದ ಅವರು ನೂರು ವರ್ಷ ತುಂಬಿಸಿ 2015ರ ಆಗಸ್ಟ್ 9ರಂದು ತೀರಿಕೊಂಡರು. ಬದಿಯಡ್ಕ ಸಮೀಪದ ಪೆರಡಾಲದ ನವಜೀವನ ಪ್ರೌಢಶಾಲೆಯಲ್ಲಿ ಅಧ್ಯಾಪಕರಾಗಿದ್ದರು. 1969ರಲ್ಲಿ ಶ್ರೇಷ್ಠ ಅಧ್ಯಾಪಕ ರಾಷ್ಟ್ರಪ್ರಶಸ್ತಿ ಬಂತು. ಬದಿಯಡ್ಕ ಪಂಚಾಯತಿಯ ಅಧ್ಯಕ್ಷರೂ ಆಗಿದ್ದರು. 1997ರಲ್ಲಿ ಮಂಗಳೂರಿನಲ್ಲಿ ನಡೆದ ಅಖಿಲ ಭಾರತ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರೇ ಅಧ್ಯಕ್ಷರು. ಕಾಸರಗೋಡು ಕರ್ನಾಟಕಕ್ಕೆ ಸೇರಬೇಕು ಎಂಬ ಬೇಡಿಕೆಯನ್ನು ಬದುಕಿನ ಕೊನೆಯವರೆಗೆ ಬಿಡದವರು.

ಇಷ್ಟು ನಮ್ಮಲ್ಲಿ ಎಲ್ಲರಿಗೂ ಗೊತ್ತು. ಸಭೆಯಲ್ಲಿ ಅವರ ಹೆಸರು ಹೇಳಿದರೆ ಚಪ್ಪಾಳೆ ಬೀಳುತ್ತದೆ. ಆದರೆ ಚಪ್ಪಾಳೆ ತಟ್ಟುವ ನಾವು ಮರೆಯುವ ಎರಡು ಸಂಗತಿ ಉಂಟು.

ಒಂದು, ಅವರ ಮನೆಮಾತು ತುಳು. ತುಳುವಿನಲ್ಲೂ ಕವಿತೆ ಬರೆದರು. ಕನ್ನಡಕ್ಕಾಗಿ ಹೋರಾಡಲು ತುಳುವನ್ನು ಮನೆಯಲ್ಲಿ ಬಚ್ಚಿಡಬೇಕು ಎಂದು ಅವರಿಗೆ ಅನ್ನಿಸಲಿಲ್ಲ. ಇನ್ನೊಂದು, ಅವರು ಮಲಯಾಳದ ಮಹಾಕವಿ ಕುಮಾರನ್ ಆಶಾನ್ ಅವರ ಖಂಡಕಾವ್ಯಗಳನ್ನು ಕನ್ನಡಕ್ಕೆ ತಂದವರು. ಜಾತಿಯ ಕ್ರೌರ್ಯದ ವಿರುದ್ಧ ಬರೆದ ಕವಿ ಆಶಾನ್. ಕೊರಗರ ಬಗ್ಗೆ ಕವಿತೆ ಬರೆದ ಕಯ್ಯಾರರಿಗೆ ಆ ಧ್ವನಿ ಹತ್ತಿರದ್ದಾಗಿ ಕೇಳಿಸಿದ್ದರಲ್ಲಿ ಆಶ್ಚರ್ಯವಿಲ್ಲ. ಕೇರಳ ಸರಕಾರದ ತೀರ್ಮಾನವನ್ನು ಒಪ್ಪದ ಮನುಷ್ಯ ಕೇರಳದ ಕವಿಯನ್ನು ಒಪ್ಪಿಕೊಂಡರು.

ಈ ಎರಡನೆಯ ಸಂಗತಿಯ ಬೆಲೆ ನನಗೆ ತಿಳಿದದ್ದು ತಡವಾಗಿ. ತಿಳಿಸಿಕೊಟ್ಟವಳು ಹತ್ತನೇ ತರಗತಿಯ ಹುಡುಗಿ. ಅದನ್ನು ಹೇಳುವ ಮೊದಲು ನಮ್ಮ ತರಗತಿ ಹೇಗಿತ್ತು ಎಂದು ಹೇಳಬೇಕು.

ಮಾತೃಭಾಷೆ ಎಂಬ ಕಾಲಂ

ಕಾಸರಗೋಡಿಗೆ ಸಪ್ತಭಾಷಾ ಸಂಗಮ ಭೂಮಿ ಎಂಬ ಹೆಸರು. ಭಾಷಣದಲ್ಲಿ ಹೇಳಲು ಚೆಂದ. ತರಗತಿಯಲ್ಲಿ ಅದು ಬೇರೆಯೇ. ಕನ್ನಡ ಮಾಧ್ಯಮದ ಒಂದು ಡಿವಿಷನ್‌ನಲ್ಲಿ ತುಳು ಮಾತಾಡುವವರು, ಬ್ಯಾರಿಯವರು, ಹವ್ಯಕರು, ಕೊಂಕಣಿಯವರು, ಮರಾಟಿಯವರು, ಮಲಯಾಳದವರು ಎಲ್ಲ ಇರುತ್ತಾರೆ. ಪ್ರವೇಶ ಅರ್ಜಿಯ ಮಾತೃಭಾಷೆ ಎಂಬ ಕಾಲಂನಲ್ಲಿ ಹೆಚ್ಚಿನವರದ್ದೂ ಒಂದೇ ಉತ್ತರ: ಕನ್ನಡ. ಮನೆಗೆ ಹೋದರೆ ಒಬ್ಬನೂ ಪುಸ್ತಕದ ಕನ್ನಡ ಮಾತಾಡುವುದಿಲ್ಲ.

ಮೊದಲ ವರ್ಷಗಳಲ್ಲಿ ನಾನು ಕಟ್ಟುನಿಟ್ಟು. ತರಗತಿಯಲ್ಲಿ ತುಳು ಬೇಡ, ಮಲಯಾಳ ಬೇಡ, ಕನ್ನಡ ಮಾತ್ರ. ಕನ್ನಡ ಉಳಿಸುವುದು ಎಂದರೆ ಇದೇ ಎಂದು ನಂಬಿದ್ದೆ. ಪರಿಣಾಮ ಏನಾಯಿತೆಂದರೆ ಮಕ್ಕಳು ಬಾಯಿಯೇ ಬಿಡಲಿಲ್ಲ. ಹಿಂದಿನ ಬೆಂಚಿನ ಒಬ್ಬ ಹುಡುಗ ಇಡೀ ವರ್ಷ "ಹೌದು ಸಾರ್", "ಇಲ್ಲ ಸಾರ್" ಎರಡರಲ್ಲೇ ಮುಗಿಸಿದ. ಶಾಲಾ ವಾರ್ಷಿಕೋತ್ಸವದ ದಿನ ಅದೇ ಹುಡುಗ ಅಜ್ಜನ ಜತೆ ಬಂದು ತುಳುವಿನಲ್ಲಿ ಹರಟುತ್ತಿದ್ದುದನ್ನು ಕಂಡೆ. ಎಂಥಾ ಮಾತುಗಾರ! ಮಾತು ಬಾರದವ ಎಂದು ನಾನು ತಿಳಿದಿದ್ದೆ. ಅವನ ಬಾಯಿ ಮುಚ್ಚಿಸಿದ್ದು ನನ್ನ ನಿಯಮ.

ಆಮೇಲೆ ಕ್ರಮ ಬದಲಿಸಿದೆ. ಪಾಠದಲ್ಲಿ ಬರುವ ಒಂದು ಶಬ್ದಕ್ಕೆ ಎಲ್ಲರ ಮನೆಯ ಶಬ್ದವನ್ನೂ ಹಲಗೆಯ ಮೇಲೆ ಬರೆಸುವುದು. ಹಲಸಿಗೆ ತುಳುವಿನಲ್ಲಿ ಪೆಲಕಾಯಿ, ಮಲಯಾಳದಲ್ಲಿ ಚಕ್ಕ, ಕೊಂಕಣಿಯಲ್ಲಿ ಪಣಸು. ಮನೆಗೆ ತುಳುವಿನಲ್ಲಿ ಇಲ್ಲ್, ಮಲಯಾಳದಲ್ಲಿ ವೀಡು, ಕೊಂಕಣಿಯಲ್ಲಿ ಘರ. ತನ್ನ ಮನೆಯ ಶಬ್ದ ಹಲಗೆ ಮೇಲೆ ಬಿದ್ದ ಮೇಲೆ ಮಗುವಿಗೆ ಕನ್ನಡದ ಶಬ್ದದ ಮೇಲೆ ಕೋಪ ಇರುವುದಿಲ್ಲ. ಹತ್ತು ನಿಮಿಷ ಹೆಚ್ಚು ಹೋಗುತ್ತದೆ, ನಿಜ. ಪೋರ್ಶನ್ ಮುಗಿಯುವುದಿಲ್ಲ ಎಂದು ಬೈಸಿಕೊಂಡದ್ದೂ ಉಂಟು.

ಹಳಗನ್ನಡ ಓದಿದ ಮಲಯಾಳದ ಹುಡುಗಿ

ಈ ಕ್ರಮದ ನಿಜವಾದ ಲಾಭ ಕಂಡದ್ದು ಹಳಗನ್ನಡದಲ್ಲಿ. ಹಳಗನ್ನಡದ ಪದ್ಯ ಎಂದರೆ ಮಕ್ಕಳಿಗೆ ಹೆದರಿಕೆ, ಕೆಲವು ಮಾಸ್ಟ್ರುಗಳಿಗೂ ಹೆದರಿಕೆ. ಈಗಿನ ಹಾಲು ಹಿಂದೆ ಪಾಲ್, ಹುಲಿ ಹಿಂದೆ ಪುಲಿ, ಹಲ್ಲು ಪಲ್, ಹತ್ತು ಪತ್ತು. ಪಕಾರ ಹೋಗಿ ಹಕಾರ ಬಂತು ಎಂದು ವ್ಯಾಕರಣ ಸೂತ್ರ ಬರೆಸಿ ಬಾಯಿಪಾಠ ಮಾಡಿಸುವುದು ರೂಢಿ.

2016ರಲ್ಲಿ ಒಂಬತ್ತನೇ ತರಗತಿಗೆ ಇದನ್ನೇ ಹೇಳುತ್ತಿದ್ದೆ. ಮಲಯಾಳ ಮನೆಮಾತಿನ ಹುಡುಗಿಯೊಬ್ಬಳು ಎದ್ದು ನಿಂತು, "ಸಾರ್, ಇದು ನಮ್ಮ ಮನೆಯ ಭಾಷೆ ಅಲ್ವಾ?" ಎಂದಳು. ಹೌದಲ್ಲ! ಅವಳಿಗೆ ಹಾಲು ಇವತ್ತಿಗೂ ಪಾಲ್, ಹಲ್ಲು ಪಲ್ಲ್, ಹತ್ತು ಪತ್ತ್. ತುಳುವಿನ ಮಕ್ಕಳೂ ಎದ್ದರು. ಅವರಿಗೆ ಹೂವು ಪೂ, ಹತ್ತು ಪತ್ತ್, ಹುಲಿ ಪಿಲಿ. "ನಮ್ಮಲ್ಲಿ ಪುಲಿ ಅಂದ್ರೆ ಚಿರತೆ ಸಾರ್" ಎಂದು ಹುಡುಗಿ ತಕರಾರು ತೆಗೆದಳು. ಆ ಪೀರಿಯಡ್ ಮುಗಿದದ್ದೇ ಗೊತ್ತಾಗಲಿಲ್ಲ.

ಮಾರನೇ ದಿನ ೞ ಎಂಬ ಅಕ್ಷರ ಬರೆದೆ. ಹಿಂದೆ ಮಳೆ ಎಂಬುದನ್ನು ಮೞೆ ಎಂದೂ ಹಳೆಯ ಎಂಬುದನ್ನು ಪೞೆಯ ಎಂದೂ ಬರೆಯುತ್ತಿದ್ದರು. ಕಾಲಕ್ರಮದಲ್ಲಿ ಕನ್ನಡದಲ್ಲಿ ಈ ಧ್ವನಿ ಳಕಾರದೊಳಗೆ ಸೇರಿಹೋಯಿತು. 13ನೇ ಶತಮಾನದ ಕೇಶಿರಾಜ ತನ್ನ ಶಬ್ದಮಣಿದರ್ಪಣದಲ್ಲಿ ಯಾವ ಶಬ್ದಗಳಿಗೆ ಈ ಅಕ್ಷರ ಬರಬೇಕೆಂದು ಪಟ್ಟಿಯನ್ನೇ ಕೊಡಬೇಕಾಯಿತು. ನನಗೆ ಅಕ್ಷರ ಬರೆಯಲು ಬರುತ್ತದೆ, ಉಚ್ಚರಿಸಲು ನಾಲಗೆ ಹೊರಳುವುದಿಲ್ಲ. ಕಾಲೇಜಿನಲ್ಲಿ ಕಲಿಸಿದವರಿಗೂ ಹೊರಳುತ್ತಿರಲಿಲ್ಲ. ಆ ಹುಡುಗಿ ಸಲೀಸಾಗಿ ಹೇಳಿದಳು. ಅವಳ ಮನೆಯಲ್ಲಿ ಮಳೆಗೆ ಹೇಳುವ ಶಬ್ದದಲ್ಲಿ, ಏಳು ಎಂಬ ಸಂಖ್ಯೆಯಲ್ಲಿ ಆ ಧ್ವನಿ ದಿನಾ ಬರುತ್ತದೆ. ಕನ್ನಡ ಕಳೆದುಕೊಂಡದ್ದನ್ನು ಮಲಯಾಳ ಇಟ್ಟುಕೊಂಡಿದೆ. ಅಂದು ಆ ಪದ್ಯವನ್ನು ತರಗತಿಗೆ ಓದಿ ಹೇಳಿದ್ದು ನಾನಲ್ಲ, ಅವಳು.

ಅವಳ ಪ್ರಶ್ನೆ

2017ರ ಏಪ್ರಿಲ್‌ನಲ್ಲಿ ಕೇರಳ ಸರಕಾರ ಹತ್ತನೇ ತರಗತಿಯವರೆಗೆ ಮಲಯಾಳ ಕಲಿಕೆಯನ್ನು ಕಡ್ಡಾಯ ಮಾಡುವ ಸುಗ್ರೀವಾಜ್ಞೆ ಹೊರಡಿಸಿತು. ಮುಂದೆ ಅದು ಕಾಯ್ದೆಯಾಯಿತು. ಗಡಿನಾಡಿನಲ್ಲಿ ದೊಡ್ಡ ಗದ್ದಲ. ಕನ್ನಡ ಮಾಧ್ಯಮದ ಮಗುವಿಗೆ ಇನ್ನೊಂದು ಭಾಷೆಯ ಹೊರೆ ಬೀಳುತ್ತದೆ, ನಿಧಾನಕ್ಕೆ ಕನ್ನಡದ ಪೀರಿಯಡ್ ಹೋಗುತ್ತದೆ, ಅಧ್ಯಾಪಕ ಹುದ್ದೆ ಹೋಗುತ್ತದೆ ಎಂಬ ಭಯ ಸುಳ್ಳಾಗಿರಲಿಲ್ಲ. ಕನ್ನಡ ಬಾರದವರನ್ನು ಕನ್ನಡ ಮಾಧ್ಯಮದ ಮಕ್ಕಳಿಗೆ ಗಣಿತ ಕಲಿಸಲು ಕಳುಹಿಸಿದಾಗ ಆಗುವ ಫಜೀತಿ ನಮಗೆ ಹೊಸತಲ್ಲ. 2018ರಲ್ಲಿ ತೆರೆಕಂಡ 'ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಕಾಸರಗೋಡು' ಸಿನಿಮಾ ನೋಡಿ ಬೆಂಗಳೂರಿನವರು ನಕ್ಕರು. ನಾವೂ ನಕ್ಕೆವು, ಆದರೆ ನಮಗೆ ಅದು ಮನೆಯ ಕಥೆ.

ಮೇ ತಿಂಗಳಲ್ಲಿ ಕಲೆಕ್ಟರೇಟ್ ಮುಂದೆ ಸೇರಿದವರಲ್ಲಿ ನಾನೂ ಇದ್ದೆ. ಘೋಷಣೆ ಕೂಗಿದೆ. ಮರುದಿನ ಪತ್ರಿಕೆಯಲ್ಲಿ ಬಂದ ಫೋಟೋದಲ್ಲಿ ನನ್ನ ಮುಖವೂ ಕಂಡಿತು, ಕೈಯಲ್ಲಿದ್ದ ಫಲಕವೂ ಕಂಡಿತು.

ಜೂನ್‌ನಲ್ಲಿ ಶಾಲೆ ತೆರೆಯಿತು. ಆ ಹುಡುಗಿ ಈಗ ಹತ್ತನೇ ತರಗತಿ. ಪಾಠ ಮುಗಿಸಿ ಹೊರಡುವಾಗ ವರಾಂಡದಲ್ಲಿ ನಿಂತು ಕೇಳಿದಳು: "ಸಾರ್, ಪೇಪರ್‌ನಲ್ಲಿ ನಿಮ್ಮ ಫೋಟೋ ನೋಡಿದೆ. ನೀವು ಮಲಯಾಳ ಬೇಡ ಅಂತ ಹೇಳಿದ್ದಾ?"

"ಅದೆಲ್ಲ ದೊಡ್ಡವರ ವಿಷಯ, ನಿನಗೆ ಈಗ ಅರ್ಥ ಆಗ್ಲಿಕ್ಕಿಲ್ಲ" ಎಂದು ಹೇಳಿ ಸ್ಟಾಫ್ ರೂಮಿಗೆ ಹೋದೆ. ಹಳಗನ್ನಡ ಓದಿ ಹೇಳಿದ ಮಗುವಿಗೆ ಅರ್ಥ ಆಗುವುದಿಲ್ಲ ಎಂದು ಹೇಳಿದ್ದೆ. ರಾತ್ರಿ ನಿದ್ದೆ ಬರಲಿಲ್ಲ. ಕಯ್ಯಾರರ ಆಶಾನ್ ಅನುವಾದ ನೆನಪಾದದ್ದು ಆ ರಾತ್ರಿ.

ಎರಡು ದಿನ ಬಿಟ್ಟು ಇಡೀ ತರಗತಿಯ ಎದುರು ಉತ್ತರ ಕೊಟ್ಟೆ. ಮಲಯಾಳ ಕಲಿಯಬಾರದು ಎಂದು ನಮ್ಮ ಹೋರಾಟ ಅಲ್ಲ. ಕನ್ನಡದಲ್ಲಿ ಕಲಿಯುವ ಮಗುವಿಗೆ ಅದನ್ನು ಬಿಡುವ ಪರಿಸ್ಥಿತಿ ಬರಬಾರದು ಎಂದು. ಸಂವಿಧಾನದ 350ಎ ವಿಧಿಯನ್ನು ಹಲಗೆಯ ಮೇಲೆ ಬರೆದೆ. ಭಾಷಾ ಅಲ್ಪಸಂಖ್ಯಾತರ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯಲ್ಲಿ ಕಲಿಯಲು ಸಾಕಷ್ಟು ಅನುಕೂಲ ಒದಗಿಸಲು ರಾಜ್ಯಗಳು ಯತ್ನಿಸಬೇಕು ಎನ್ನುವ ಈ ವಿಧಿ ಸೇರಿದ್ದು 1956ರಲ್ಲಿ, ರಾಜ್ಯಗಳ ಗಡಿ ಬದಲಾದ ವರ್ಷವೇ. ಕರ್ನಾಟಕದೊಳಗಿರುವ ಮಲಯಾಳದ ಮಗುವಿಗೂ ಇದೇ ವಿಧಿ ರಕ್ಷಣೆ ಎಂದು ಹೇಳಿದೆ. ಕಯ್ಯಾರರ ಅನುವಾದದ ವಿಷಯವನ್ನೂ ಹೇಳಿದೆ.

ಎಲ್ಲ ಕೇಳಿಸಿಕೊಂಡು ಹುಡುಗಿ ಹೇಳಿದ್ದು ಇಷ್ಟು: "ಹಾಗಾದ್ರೆ ಬೋರ್ಡಿನಲ್ಲಿ ಹಾಗೆಯೇ ಬರೆಯಬಹುದಿತ್ತಲ್ಲಾ ಸಾರ್?"

ಮುಂದಿನ ಸಭೆಯಲ್ಲಿ ನಾನು ಈ ಮಾತನ್ನೇ ಹೇಳಿದೆ. ಫಲಕದಲ್ಲಿ ನಮಗೆ ಬೇಕಾದದ್ದು ಇರಲಿ, ಇನ್ನೊಬ್ಬರ ಭಾಷೆಗೆ ಧಿಕ್ಕಾರ ಬೇಡ. "ಮಾಸ್ಟ್ರು ಮೆತ್ತಗಾದ್ರು" ಎಂದು ಕೆಲವರು ನಕ್ಕರು. ಕೆಲವರು ಒಪ್ಪಿದರು. ಹೋರಾಟ ಬಿಟ್ಟಿಲ್ಲ. ಫಲಕ ಮಾತ್ರ ನಾನೇ ಬರೆಯುತ್ತೇನೆ.

ಕಾಲುಸಂಕದ ಅರ್ಜಿ

ತರಗತಿಯಲ್ಲಿ ರಾಜಕೀಯ ತರಬಾರದು ಎಂಬುದು ಸರಿ. ಪಕ್ಷದ ಹೆಸರು, ಮುಖಂಡರ ಹೆಸರು ನಾನು ತರಗತಿಯಲ್ಲಿ ಹೇಳಿದ್ದಿಲ್ಲ. ಮಕ್ಕಳನ್ನು ಮೆರವಣಿಗೆಗೆ ಕರೆದುಕೊಂಡು ಹೋದದ್ದೂ ಇಲ್ಲ. ಆದರೆ ಹಕ್ಕು ಏನೆಂದು ತಿಳಿಸುವುದು ಪಾಠವೇ.

ಅರ್ಜಿ ಬರೆಯುವುದು ಎಂಬ ವಿಷಯ ಎಲ್ಲ ತರಗತಿಗಳಿಗೂ ಇರುತ್ತದೆ. ಗ್ರಂಥಾಲಯಕ್ಕೆ ಪುಸ್ತಕ ಬೇಕು, ರಜೆ ಬೇಕು ಎಂದು ಬರೆದು, ಅಂಕ ತೆಗೆದುಕೊಂಡು, ಪುಸ್ತಕ ಮುಚ್ಚುವುದು. ಒಂದು ವರ್ಷ ಮಕ್ಕಳಿಗೆ ಹೇಳಿದೆ, ಈ ಸಲ ನಿಜವಾದ ಅರ್ಜಿ ಬರೆಯುವ. ತೋಡು ದಾಟಿ ಶಾಲೆಗೆ ಬರುವ ಏಳೆಂಟು ಮಕ್ಕಳಿದ್ದರು. ಅಡಿಕೆ ಮರದ ಕಾಲುಸಂಕ. ಜೂನ್, ಜುಲೈಯಲ್ಲಿ ನೀರು ಏರಿದರೆ ಅವರಿಗೆ ರಜೆ. ಅದರ ಬಗ್ಗೆಯೇ ಬರೆದರು, ಕನ್ನಡದಲ್ಲಿ. ಚೆನ್ನಾಗಿ ಬರೆದದ್ದನ್ನು ಆರಿಸಿ, ಎಲ್ಲರ ಸಹಿ ಹಾಕಿ, ಸಂಬಂಧಪಟ್ಟ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದೆವು.

ತಿಂಗಳ ಮೇಲೆ ಉತ್ತರ ಬಂತು, ಮಲಯಾಳದಲ್ಲಿ. ತರಗತಿಯಲ್ಲಿ ಓದಲು ಬರುವವರು ಓದಿದರು, ಉಳಿದವರಿಗೆ ಕನ್ನಡದಲ್ಲಿ ಹೇಳಿದರು. ಆಗ ಕಾನೂನಿನ ಪಾಠ. 1969ರ ಕೇರಳ ಅಧಿಕೃತ ಭಾಷಾ ಕಾಯ್ದೆಯಲ್ಲಿ ಕನ್ನಡ, ತಮಿಳು ಅಲ್ಪಸಂಖ್ಯಾತರು ತಮ್ಮ ಭಾಷೆಯಲ್ಲಿ ಸರಕಾರಕ್ಕೆ ಬರೆಯಬಹುದು, ಅಲ್ಪಸಂಖ್ಯಾತ ಪ್ರದೇಶದ ಕಚೇರಿಗಳಿಗೂ ಬರೆಯಬಹುದು, ಉತ್ತರವೂ ಅದೇ ಭಾಷೆಯಲ್ಲಿ ಸಿಗಬೇಕು ಎಂದು ಉಂಟು. ಮಕ್ಕಳು ಎರಡನೇ ಅರ್ಜಿ ಬರೆದರು: ದಯವಿಟ್ಟು ಉತ್ತರ ಕನ್ನಡದಲ್ಲಿ ಕೊಡಿ.

ಬಂತು. ನಾಲ್ಕೇ ಸಾಲು, ಮೂರು ಕಡೆ ಕಾಗುಣಿತ ತಪ್ಪು. ಮಕ್ಕಳು ಕೆಂಪು ಪೆನ್ನಿನಲ್ಲಿ ತಿದ್ದಲು ಹೊರಟರು. ಬೇಡ ಮಕ್ಕಳೇ, ಯಾರೋ ಕಷ್ಟಪಟ್ಟು ಬರೆದಿದ್ದಾರೆ ಎಂದು ತಡೆದೆ. ಆ ಕಾಗದವನ್ನು ಶಾಲೆಯ ನೋಟಿಸ್ ಬೋರ್ಡಿನಲ್ಲಿ ಹಾಕಿದೆವು. ಕಾಲುಸಂಕ ಆಗಲು ಮತ್ತೆ ಎರಡು ಮಳೆಗಾಲ ಹಿಡಿಯಿತು. ಅರ್ಜಿಯಿಂದಲೇ ಆಯಿತು ಎಂದು ನಾನು ಹೇಳುವುದಿಲ್ಲ. ಆದರೆ ಕಾಗದ ಬರೆದರೆ ಉತ್ತರ ಬರುತ್ತದೆ, ನಮ್ಮ ಭಾಷೆಯಲ್ಲೇ ಬರುತ್ತದೆ ಎಂಬುದು ಆ ಮಕ್ಕಳಿಗೆ ಗೊತ್ತಾಯಿತು. ನೂರು ಭಾಷಣದಲ್ಲಿ ನಾನು ಅದನ್ನು ಕಲಿಸಲಾರೆ.

ಒಂದೇ ಹೊಳೆ, ಎರಡು ಕಥೆ

ನಮ್ಮ ಹಿರಿಯರಿಗೆ ಚಂದ್ರಗಿರಿ ಹೊಳೆ ಎಂದರೆ ಮಹಾಜನ ವರದಿ. 1966ರಲ್ಲಿ ನೇಮಕವಾದ ಮಹಾಜನ ಆಯೋಗ 1967ರಲ್ಲಿ ವರದಿ ಕೊಟ್ಟಿತು. ಚಂದ್ರಗಿರಿ, ಪಯಸ್ವಿನಿ ಹೊಳೆಗಳ ಉತ್ತರದ ಭಾಗ ಮೈಸೂರು ರಾಜ್ಯಕ್ಕೆ ಸೇರಬೇಕು ಎಂದಿತು. ಕೇರಳ ಒಪ್ಪಲಿಲ್ಲ, ವರದಿ ಜಾರಿಯಾಗಲಿಲ್ಲ. 1984ರಲ್ಲಿ ಕಾಸರಗೋಡು ಕೇರಳದ ಜಿಲ್ಲೆಯೇ ಆಯಿತು. ಹಾಗಾಗಿ ಹಳಬರಿಗೆ ಆ ಹೊಳೆ ಇನ್ನೂ ಎಳೆಯದೆ ಉಳಿದ ಗಡಿಗೆರೆ.

ತರಗತಿಯ ಹೆಣ್ಣುಮಕ್ಕಳಿಗೆ ನಾನು ಅದೇ ಹೊಳೆಯ ಇನ್ನೊಂದು ಕಥೆ ಹೇಳಿದೆ: ಸಾರಾ ಅಬೂಬಕ್ಕರ್ ಅವರ 'ಚಂದ್ರಗಿರಿಯ ತೀರದಲ್ಲಿ'. 1936ರಲ್ಲಿ ಕಾಸರಗೋಡಿನಲ್ಲಿ ಹುಟ್ಟಿ 2023ರ ಜನವರಿಯಲ್ಲಿ ತೀರಿಕೊಂಡ ಅವರ ಮನೆಮಾತು ಕನ್ನಡವಲ್ಲ. ಕಲಿತದ್ದು ಕನ್ನಡ ಶಾಲೆಯಲ್ಲಿ. ಅಪ್ಪನ ಹಟ, ತಲಾಖ್‌ನ ನಿಯಮ ಇವುಗಳ ನಡುವೆ ಸಿಕ್ಕಿದ ನಾದಿರಾಳ ಸಂಕಟವನ್ನು ಕನ್ನಡದಲ್ಲೇ ಬರೆದರು. ಕಥೆ ಕೇಳಿ ಬ್ಯಾರಿ ಹುಡುಗಿಯರು ಸುಮ್ಮನಾದರು. ಆಮೇಲೆ ಒಬ್ಬಳು ಕೇಳಿದಳು, "ಸಾರ್, ಅವರು ನಮ್ಮ ಹಾಗೆ ಕನ್ನಡ ಮೀಡಿಯಮ್ಮಾ?" ಹೌದು ಎಂದೆ. ಮರುದಿನ ಪುಸ್ತಕ ಕೇಳಿಕೊಂಡು ನಾಲ್ಕು ಮಂದಿ ಬಂದರು.

ಕನ್ನಡ ಯಾರದ್ದು ಎಂದು ಯಾರಾದರೂ ಕೇಳಿದರೆ ನಾನು ಈ ನಾಲ್ಕು ಮಂದಿಯನ್ನು ನೆನೆಸುತ್ತೇನೆ. ಗಡಿನಾಡಿನ ಕನ್ನಡ ಒಂದು ಜಾತಿಯ, ಒಂದು ಮತದ ಸೊತ್ತು ಎಂದಾದ ದಿನ ಮಹಾಜನ ವರದಿ ಜಾರಿಯಾದರೂ ಪ್ರಯೋಜನವಿಲ್ಲ.

ಆರನೇ ದಿನದ ತಲೆಯೆಣಿಕೆ

ಇನ್ನು ನಮ್ಮ ಮನೆಯ ಲೆಕ್ಕ. ಧರಣಿಯಲ್ಲಿ ನನ್ನ ಪಕ್ಕ ಕೂತವರ ಮಕ್ಕಳಲ್ಲಿ, ಮೊಮ್ಮಕ್ಕಳಲ್ಲಿ ಎಷ್ಟು ಮಂದಿ ಕನ್ನಡ ಮಾಧ್ಯಮ? ಬೇರೆಯವರನ್ನು ಹೇಳಿ ಫಲ ಇಲ್ಲ. ನನ್ನ ಮಗನ ಮಗಳೇ ಇಂಗ್ಲಿಷ್ ಮಾಧ್ಯಮ. "ಅಪ್ಪ, ನಿಮ್ಮ ಹೋರಾಟಕ್ಕೆ ಅವಳ ಭವಿಷ್ಯ ಹಾಳು ಮಾಡುದು ಬೇಡ" ಎಂದ ಮಗ. ಗಟ್ಟಿಯಾಗಿ ವಾದಿಸಲು ನನ್ನಿಂದ ಆಗಲಿಲ್ಲ. ಆದಿತ್ಯವಾರ ಒಂದು ಗಂಟೆ ಕೂರಿಸಿ ಕನ್ನಡ ಓದಿಸುತ್ತೇನೆ. ಅದು ಸಾಲದು ಎಂದೂ ಗೊತ್ತುಂಟು.

ಹೊರಗಿನವರಿಗೆ ತಿಳಿಯದ ಒಂದು ದಿನ ಉಂಟು. ಕೇರಳದ ಶಾಲೆಗಳಲ್ಲಿ ಜೂನ್‌ನಲ್ಲಿ ತರಗತಿ ಆರಂಭವಾಗಿ ಆರನೇ ಕೆಲಸದ ದಿನ ಮಕ್ಕಳ ತಲೆಯೆಣಿಕೆ. ಆ ಲೆಕ್ಕದ ಮೇಲೆ ಎಷ್ಟು ಡಿವಿಷನ್, ಎಷ್ಟು ಅಧ್ಯಾಪಕ ಹುದ್ದೆ ಎಂದು ತೀರ್ಮಾನ. ಮಕ್ಕಳು ಕಡಿಮೆಯಾದರೆ ಕನ್ನಡದ ಡಿವಿಷನ್ ಹೋಯಿತು. ಒಮ್ಮೆ ಹೋದ ಡಿವಿಷನ್ ಮರಳಿ ತರುವುದು ಸುಲಭವಲ್ಲ. ಅದನ್ನು ಯಾವ ಸುಗ್ರೀವಾಜ್ಞೆಯೂ ತೆಗೆದದ್ದಲ್ಲ. ನಾವು ಮಕ್ಕಳನ್ನು ಕಳುಹಿಸಲಿಲ್ಲ, ಅಷ್ಟೆ.

ಸೇವೆಯಲ್ಲಿದ್ದಾಗ ಪ್ರತಿ ವರ್ಷ ಮೇ ತಿಂಗಳಲ್ಲಿ ಸೈಕಲ್ ಮೇಲೆ, ಕೊನೆಗೆ ಸ್ಕೂಟರ್ ಮೇಲೆ ಮನೆ ಮನೆಗೆ ಹೋಗಿ ಮಕ್ಕಳನ್ನು ಕೇಳುತ್ತಿದ್ದೆ. ಧರಣಿಗಿಂತ ಹೆಚ್ಚು ಬೆವರು ಹರಿದದ್ದು ಅದರಲ್ಲಿ. ಒಬ್ಬ ತಾಯಿ ಕೇಳಿದ್ದರು, "ಕನ್ನಡದಲ್ಲಿ ಕಲಿಸಿದ್ರೆ ನಮ್ಮ ಮಕ್ಕಳಿಗೆ ಎಂತ ಸಿಗ್ತದೆ ಮಾಸ್ಟ್ರೇ?" ಭಾಷಾಭಿಮಾನದ ಉತ್ತರ ಆ ಅಮ್ಮನಿಗೆ ಬೇಕಾಗಿರಲಿಲ್ಲ. ಚೆನ್ನಾಗಿ ಕಲಿಸುತ್ತೇವೆ, ಇಂಗ್ಲಿಷ್ ಒಂದು ಭಾಷೆಯಾಗಿ ಸರಿಯಾಗಿ ಬರುವಂತೆ ಮಾಡುತ್ತೇವೆ, ನಿಮ್ಮ ಮಗ ಬಾಯಿ ತೆರೆದು ಮಾತಾಡುವ ಹಾಗೆ ಮಾಡುತ್ತೇವೆ ಎಂದೆ. ಅವರು ಕಳುಹಿಸಿದರು. ಹೇಳಿದ್ದನ್ನು ಉಳಿಸಿಕೊಳ್ಳಲು ಹತ್ತು ವರ್ಷ ದುಡಿಯಬೇಕಾಯಿತು.

ಪಾಠ ಮಾಡುದಾ, ರಾಜಕೀಯ ಮಾಡುದಾ ಎಂಬ ಪ್ರಶ್ನೆಗೆ ಈಗ ನನ್ನ ಉತ್ತರ ಇದು. ಎರಡೂ ಮಾಡಬೇಕು. ಆದರೆ ತರಗತಿಯಲ್ಲಿ ಸರಿಯಾಗಿ ಪಾಠ ಮಾಡದವನಿಗೆ ಕಲೆಕ್ಟರೇಟ್ ಮುಂದೆ ಕೂಗುವ ಹಕ್ಕಿಲ್ಲ. ತರಗತಿಯ ಮಗುವಿಗೆ ಹೇಳಲಾಗದ ಘೋಷಣೆಯನ್ನು ಬೀದಿಯಲ್ಲಿಯೂ ಕೂಗಬಾರ‍ದು.

ಆ ಹುಡುಗಿ ಬಿಎಡ್ ಮುಗಿಸಿದಳು ಎಂದು ಮೊನ್ನೆ ಫೋನ್ ಮಾಡಿದ್ದಳು. ಯಾವ ವಿಷಯ ಎಂದು ಕೇಳಿದೆ. "ಕನ್ನಡ, ಸಾರ್" ಎಂದಳು. ಮುಂದಿನ ಜೂನ್‌ನ ಆರನೇ ದಿನ ಅವಳ ಎದುರು ಕೂರಲು ಮಕ್ಕಳು ಬೇಕು. ಅವರನ್ನು ಕಳುಹಿಸುವುದು ತಿರುವನಂತಪುರದವರಲ್ಲ, ಬೆಂಗಳೂರಿನವರೂ ಅಲ್ಲ. ಈ ಪುಟ ಓದುವ ನೀವು.